ಒಂದು ವಿಶ್ವವಿದ್ಯಾಲಯದ ಓದು ಇನ್ನೊಂದರ ಪದವಿಗೆ

ಒಂದು ವಿಶ್ವವಿದ್ಯಾಲಯದಲ್ಲಿ ಓದಿ ಪಾಸಾದ ಭಾಗವನ್ನು ಇನ್ನೊಂದು ವಿಶ್ವವಿದ್ಯಾಲಯ ತನ್ನ ಪದವಿಯ ಲೆಕ್ಕಕ್ಕೆ ಹಿಡಿಯುವುದೇ ಕ್ರೆಡಿಟ್ ವರ್ಗಾವಣೆ. ಹಾಗೆ ಹಿಡಿದರೆ ವಿದ್ಯಾರ್ಥಿ ಓದಿದ್ದನ್ನೇ ಮತ್ತೆ ಓದಬೇಕಿಲ್ಲ, ಬರೆದ ಪರೀಕ್ಷೆಯನ್ನೇ ಮತ್ತೆ ಬರೆಯಬೇಕಿಲ್ಲ, ವರ್ಷ ಕಳೆದುಕೊಳ್ಳಬೇಕಿಲ್ಲ. ಇದಕ್ಕೆ ಎರಡು ಸಂಗತಿ ಬೇಕು: ಎರಡೂ ಕಡೆ ನಡೆಯುವ ಒಂದು ಅಳತೆ, ಆ ಅಳತೆಯನ್ನು ಒಪ್ಪಿಕೊಳ್ಳಲೇಬೇಕೆಂಬ ಒಂದು ಕಟ್ಟುಪಾಡು. ಅಳತೆಯನ್ನು ಕಾಗದದ ಮೇಲೆ ಬೇಗ ಗೊತ್ತುಮಾಡಬಹುದು. ಕಟ್ಟುಪಾಡು ಬೇರೂರಲು ಯುರೋಪಿನಲ್ಲಿಯೂ ದಶಕಗಳೇ ಹಿಡಿದವು. ಭಾರತದಲ್ಲಿ ಮೊದಲನೆಯದು ಬಂದಿದೆ, ಎರಡನೆಯದು ಇನ್ನೂ ಅರ್ಧದಾರಿಯಲ್ಲಿದೆ.

ಕ್ರೆಡಿಟ್ ಅಳೆಯುವುದು ದುಡಿಮೆಯನ್ನು. ಧಾರವಾಡ ಜಿಲ್ಲೆಯ ರೈತರಿಗೆ ಈ ಬಗೆಯ ಅಳತೆ ಹೊಸದಲ್ಲ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುವ ಹಳೆಯ ರೂಢಿಯೊಂದಿದೆ. ಒಂದು ಜೋಡಿ ಎತ್ತು ಹೂಡಿ ಒಂದು ದಿನದಲ್ಲಿ ಕೂರಿಗೆಯಿಂದ ಬಿತ್ತಿ ಮುಗಿಸುವಷ್ಟು ನೆಲವೇ ಒಂದು ಕೂರಿಗೆ, ಸುಮಾರು ನಾಲ್ಕು ಎಕರೆ. ನೆಲದ ಉದ್ದಗಲಕ್ಕಿಂತ ಆ ನೆಲ ಬೇಡುವ ಕೆಲಸವನ್ನು ಮುಂದಿಟ್ಟುಕೊಂಡು ಹುಟ್ಟಿದ ಮಾನ ಅದು. ಕ್ರೆಡಿಟ್ಟಿನ ಹುಟ್ಟೂ ಹಾಗೆಯೇ. ಅಧ್ಯಾಪಕರು ಎಷ್ಟು ತಾಸು ಪಾಠ ಹೇಳಿದರು ಎಂಬುದೊಂದೇ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತರಗತಿ, ಪ್ರಯೋಗಾಲಯ, ಗ್ರಂಥಾಲಯ, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿ ಸಾಧಾರಣ ವಿದ್ಯಾರ್ಥಿಯೊಬ್ಬ ಆ ವಿಷಯಕ್ಕೆ ಎಷ್ಟು ತಾಸು ದುಡಿಯಬೇಕು ಎಂಬುದು ಯುರೋಪಿನ ಕ್ರೆಡಿಟ್‌ನ ಆಧಾರ.

ಯುರೋಪಿನಲ್ಲಿ ವಿದ್ಯಾರ್ಥಿಗಳು ಊರಿಂದೂರಿಗೆ ಓದಲು ಹೋಗುವುದು ಬಹಳ ಹಳೆಯದು. ಹದಿಮೂರನೆಯ ಶತಮಾನದಲ್ಲಿಯೇ ಪೋಪರ ಮನ್ನಣೆ ಪಡೆದ ವಿಶ್ವವಿದ್ಯಾಲಯದ ಪದವೀಧರ ಎಲ್ಲಿ ಬೇಕಾದರೂ ಬೋಧಿಸಬಹುದೆಂಬ ಹಕ್ಕು ಇತ್ತು. ರಾಷ್ಟ್ರಗಳು ಗಟ್ಟಿಯಾದಂತೆ ಆ ಹಕ್ಕು ಸವೆಯಿತು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಒಂದೊಂದು ದೇಶದ ಪದವಿಗೂ ಒಂದೊಂದು ಅವಧಿ, ಒಂದೊಂದು ಹೆಸರು, ಒಂದೊಂದು ಬಗೆಯ ಅಂಕ. 1987ರಲ್ಲಿ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ ಆರಂಭವಾದಾಗ ಈ ತೊಡಕು ಎದುರಾಯಿತು. ಮೊದಲ ವರ್ಷ ಹೊರದೇಶಕ್ಕೆ ಹೋದವರು 3,244 ವಿದ್ಯಾರ್ಥಿಗಳು. ಅವರು ಅಲ್ಲಿ ಓದಿ ಬಂದದ್ದನ್ನು ಇಲ್ಲಿ ಎಷ್ಟೆಂದು ಎಣಿಸಬೇಕು? ಇದಕ್ಕೆ ಉತ್ತರ ಹುಡುಕಲು 1989ರಲ್ಲಿ ಪ್ರಯೋಗವೊಂದು ಮೊದಲಾಯಿತು. ವಾಣಿಜ್ಯ ಆಡಳಿತ, ರಸಾಯನಶಾಸ್ತ್ರ, ಇತಿಹಾಸ, ಮೆಕ್ಯಾನಿಕಲ್ ಎಂಜಿನಿಯರಿಂಗ್, ವೈದ್ಯಕೀಯ ಎಂಬ ಐದೇ ವಿಷಯಗಳು, 145 ಸಂಸ್ಥೆಗಳು. ಇಸಿಟಿಎಸ್ ಎಂದು ಇಂದು ಕರೆಸಿಕೊಳ್ಳುವ ಯುರೋಪಿನ ಕ್ರೆಡಿಟ್ ವರ್ಗಾವಣೆ ಮತ್ತು ಸಂಚಯ ಪದ್ಧತಿ ಈ ಪ್ರಯೋಗದಿಂದ ಬೆಳೆದದ್ದು.

ಅದರ ಲೆಕ್ಕ ಸರಳ. ಪೂರ್ಣಾವಧಿಯ ಒಂದು ವರ್ಷದ ಓದಿಗೆ 60 ಕ್ರೆಡಿಟ್, ಒಂದು ಸೆಮಿಸ್ಟರ್‌ಗೆ 30. ಒಂದು ವರ್ಷದ ದುಡಿಮೆ 1500ರಿಂದ 1800 ತಾಸು ಎಂದು ಹಿಡಿದಿರುವುದರಿಂದ ಒಂದು ಕ್ರೆಡಿಟ್‌ಗೆ 25ರಿಂದ 30 ತಾಸು ಬೀಳುತ್ತದೆ. ಮೊದಲ ಪದವಿಗೆ 180ರಿಂದ 240 ಕ್ರೆಡಿಟ್ ಬೇಕು, ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ 90 ಅಥವಾ 120. ಬ್ರಿಟನ್ನಿನಲ್ಲಿ ಮಾತ್ರ ವರ್ಷಕ್ಕೆ 120 ಎಂಬ ಬೇರೆ ಎಣಿಕೆ ಇದೆ. ಅಲ್ಲಿನ ಎರಡು ಕ್ರೆಡಿಟ್ ಉಳಿದ ಯುರೋಪಿನ ಒಂದಕ್ಕೆ ಸಮ.

ಈ ಅಳತೆಯ ಬೆನ್ನಿಗೆ ನಿಂತ ಒಪ್ಪಂದಗಳು ಎರಡು. 1999ರ ಜೂನ್ 19ರಂದು ಇಟಲಿಯ ಬೊಲೊನ್ಯಾ ನಗರದಲ್ಲಿ 29 ದೇಶಗಳ ಶಿಕ್ಷಣ ಮಂತ್ರಿಗಳು ಒಂದು ಘೋಷಣೆಗೆ ಸಹಿ ಹಾಕಿದರು. ಪದವಿಗಳ ಹಂತಗಳನ್ನು ಹೋಲಿಸಲು ಬರುವಂತೆ ಮಾಡುವುದು, ಕ್ರೆಡಿಟ್ ಪದ್ಧತಿಯನ್ನು ಎಲ್ಲೆಡೆ ತರುವುದು ಅದರ ಗುರಿ. ಹೆಚ್ಚು ಹೆಸರು ಮಾಡಿದ್ದು ಇದೇ. ಆದರೆ ವಿದ್ಯಾರ್ಥಿಯ ದೃಷ್ಟಿಯಿಂದ ಅದಕ್ಕಿಂತ ತೂಕದ್ದು 1997ರ ಲಿಸ್ಬನ್ ಒಪ್ಪಂದ. ಯುರೋಪ್ ಮಂಡಳಿ ಮತ್ತು ಯುನೆಸ್ಕೋ ಜೊತೆಗೂಡಿ ರೂಪಿಸಿದ ಈ ಒಪ್ಪಂದ ಒಂದು ಹೊರೆಯನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸಿತು. ಅದಕ್ಕೂ ಮೊದಲು, ತಾನು ಓದಿದ್ದು ಇಲ್ಲಿನ ಓದಿಗೆ ಸಮ ಎಂದು ವಿದ್ಯಾರ್ಥಿಯೇ ಸಾಬೀತುಮಾಡಬೇಕಿತ್ತು. ಈಗ, ಎರಡರ ನಡುವೆ ಗಣನೀಯ ವ್ಯತ್ಯಾಸವಿದೆ ಎಂದು ವಿಶ್ವವಿದ್ಯಾಲಯವೇ ತೋರಿಸಬೇಕು. ತೋರಿಸಲಾಗದಿದ್ದರೆ ಮನ್ನಣೆ ಕೊಡಬೇಕು. ಪಠ್ಯದಲ್ಲಿ ಒಂದೆರಡು ಅಧ್ಯಾಯ ಬೇರೆ, ಪುಸ್ತಕ ಬೇರೆ ಎಂಬುದು ಗಣನೀಯ ವ್ಯತ್ಯಾಸ ಎನ್ನಿಸಿಕೊಳ್ಳುವುದಿಲ್ಲ. ಇಡೀ ವ್ಯವಸ್ಥೆಯ ಕೀಲು ಇರುವುದು ಇಲ್ಲಿ. ಸ್ವಿಟ್ಜರ್ಲೆಂಡ್ 2014ರಲ್ಲಿ, ಬ್ರಿಟನ್ 2020ರ ಕೊನೆಗೆ ಎರಾಸ್ಮಸ್ ಯೋಜನೆಯಿಂದ ಹೊರಬಿದ್ದರೂ ಅಲ್ಲಿನ ಓದಿಗೆ ಯುರೋಪಿನಲ್ಲಿ ಬೆಲೆ ಉಳಿದಿದೆ. ಹಣ ಕೊಡುವ ಯೋಜನೆ ಬೇರೆ, ಮನ್ನಣೆಯ ಕರಾರು ಬೇರೆ.

ವರ್ಗಾವಣೆ ನಡೆಯುವ ಕ್ರಮವನ್ನು ಒಬ್ಬ ವಿದ್ಯಾರ್ಥಿನಿಯ ಹಾದಿಯಲ್ಲಿ ನೋಡಬಹುದು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಇತಿಹಾಸ ಓದುವವಳು ಒಂದು ಸೆಮಿಸ್ಟರ್ ಬೊಲೊನ್ಯಾದಲ್ಲಿ ಓದಬೇಕೆಂದುಕೊಂಡಳು ಎನ್ನೋಣ. ಹೊರಡುವ ಮೊದಲೇ ಅವಳು ಬೊಲೊನ್ಯಾದ ಪಠ್ಯ ಕೈಪಿಡಿ ತೆರೆದು ನೋಡುತ್ತಾಳೆ. ಪ್ರತಿ ವಿಷಯಕ್ಕೂ ಎಷ್ಟು ಕ್ರೆಡಿಟ್, ಏನು ಕಲಿಸುತ್ತಾರೆ, ಮುಗಿದ ಮೇಲೆ ವಿದ್ಯಾರ್ಥಿಗೆ ಏನು ಬರಬೇಕು, ಪರೀಕ್ಷೆ ಹೇಗೆ ಎಂಬುದನ್ನು ಪ್ರಕಟಿಸಿ ಇಡುವುದು ವಿಶ್ವವಿದ್ಯಾಲಯದ ಕರ್ತವ್ಯ. ತಲಾ 6 ಕ್ರೆಡಿಟ್‌ನ ಐದು ವಿಷಯ ಆರಿಸಿದರೆ 30 ಆಯಿತು. ಆ ಐದು ವಿಷಯಗಳ ಎದುರು ಲ್ಯೂವೆನ್‌ನ ಯಾವ ಭಾಗ ಮಾಫಿಯಾಗುತ್ತದೆ ಎಂದು ಬರೆದ ಕಲಿಕಾ ಒಪ್ಪಂದಕ್ಕೆ ಮೂವರು ಸಹಿ ಹಾಕುತ್ತಾರೆ: ವಿದ್ಯಾರ್ಥಿನಿ, ಕಳಿಸುವ ವಿಶ್ವವಿದ್ಯಾಲಯ, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ. ಅಲ್ಲಿಗೆ ಹೋದ ಮೇಲೆ ಎರಡು ತರಗತಿಗಳ ವೇಳೆ ಒಂದಕ್ಕೊಂದು ಡಿಕ್ಕಿಯಾಯಿತೆಂದರೆ ವಿಷಯ ಬದಲಿಸಬಹುದು. ಆ ಬದಲಾವಣೆಗೂ ಮೂವರ ಒಪ್ಪಿಗೆ ಬೇಕು. ಎರಾಸ್ಮಸ್‌ನಲ್ಲಿ ಹೋದವಳು ಬೊಲೊನ್ಯಾಕ್ಕೆ ಬೋಧನಾ ಶುಲ್ಕ ಕಟ್ಟುವುದಿಲ್ಲ, ತನ್ನ ಮೂಲ ವಿಶ್ವವಿದ್ಯಾಲಯಕ್ಕೆ ಕಟ್ಟುವುದನ್ನು ಕಟ್ಟುತ್ತಾಳೆ.

ಸೆಮಿಸ್ಟರ್ ಮುಗಿದು ಫಲಿತಾಂಶ ಬಂದ ಐದು ವಾರದೊಳಗೆ ಬೊಲೊನ್ಯಾ ಅವಳ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ಅದರಲ್ಲಿ ಓದಿದ ವಿಷಯ, ಕ್ರೆಡಿಟ್, ಅಂಕ ಇರುತ್ತವೆ. ಲ್ಯೂವೆನ್ ಅದನ್ನು ಒಪ್ಪಂದದೊಂದಿಗೆ ತಾಳೆ ನೋಡಿ ಕ್ರೆಡಿಟ್ ಜಮೆ ಮಾಡುತ್ತದೆ. ಪಾಸಾದ ವಿಷಯದ ಬಗ್ಗೆ ಮತ್ತೆ ಚರ್ಚೆ ಎತ್ತುವಂತಿಲ್ಲ, ಏಕೆಂದರೆ ಆ ಚರ್ಚೆ ಸಹಿಗೆ ಮೊದಲೇ ಮುಗಿದಿದೆ. ನಾಪಾಸಾದ ವಿಷಯಕ್ಕೆ ಕ್ರೆಡಿಟ್ ಇಲ್ಲ. ಕ್ರೆಡಿಟ್‌ನಲ್ಲಿ ಅರ್ಧ ಎಂಬುದಿಲ್ಲ: ವಿಷಯ ಪಾಸಾದರೆ ಆರೂ ಬರುತ್ತವೆ, ಇಲ್ಲವಾದರೆ ಒಂದೂ ಇಲ್ಲ. ಬೊಲೊನ್ಯಾದಲ್ಲಿ 30ಕ್ಕೆ 18 ಅಂಕ ತೆಗೆದವಳಿಗೂ ಪೂರ್ಣ 30 ತೆಗೆದವಳಿಗೂ ಕ್ರೆಡಿಟ್ ಅಷ್ಟೇ.

ಅಂಕಗಳ ಮಾತು ಬೇರೆ, ಅದು ಕ್ರೆಡಿಟ್‌ಗಿಂತ ಕಠಿಣ. ಇಟಲಿಯಲ್ಲಿ 30ಕ್ಕೆ ಅಂಕ, ಪಾಸಾಗಲು 18 ಬೇಕು. ಫ್ರಾನ್ಸಿನಲ್ಲಿ 20ಕ್ಕೆ ಅಂಕ, 16 ಬರುವುದು ದೊಡ್ಡ ಮಾತು. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಕಷ್ಟಪಟ್ಟು ಪಾಸು. ಒಂದನ್ನು ಇನ್ನೊಂದಕ್ಕೆ ಶೇಕಡಾವಾರು ಲೆಕ್ಕದಲ್ಲಿ ಇಳಿಸಿದರೆ ಅನ್ಯಾಯವಾಗುತ್ತದೆ. ಫ್ರಾನ್ಸಿನ 16 ಶೇ. 80 ಎಂದು ಹಿಡಿದರೆ ಅಲ್ಲಿನ ಮೊದಲ ಸಾಲಿನ ವಿದ್ಯಾರ್ಥಿ ಬೇರೆ ದೇಶದಲ್ಲಿ ನಡುಸಾಲಿಗೆ ಬೀಳಬಹುದು. ಆರಂಭದಲ್ಲಿ ಇದಕ್ಕೆ ಎ ಇಂದ ಇ ವರೆಗಿನ ಸಮಾನ ದರ್ಜೆ ಮಾಡಿ, ಪಾಸಾದವರಲ್ಲಿ ಮೊದಲ ಶೇ. 10 ಮಂದಿಗೆ ಎ, ನಂತರದ 25ಕ್ಕೆ ಬಿ, ಆಮೇಲಿನ 30ಕ್ಕೆ ಸಿ ಎಂದು ಹಂಚುವ ಪದ್ಧತಿ ಇತ್ತು. ಸಣ್ಣ ತರಗತಿಗಳಲ್ಲಿ ಅದು ನಡೆಯಲಿಲ್ಲ. ಈಗ ಒಂದು ವಿಭಾಗದಲ್ಲಿ ಹಿಂದಿನ ವರ್ಷಗಳಲ್ಲಿ ಯಾವ ಅಂಕ ಶೇಕಡಾ ಎಷ್ಟು ಜನರಿಗೆ ಬಂದಿದೆ ಎಂಬ ಪಟ್ಟಿಯನ್ನೇ ಟ್ರಾನ್ಸ್‌ಕ್ರಿಪ್ಟ್ ಜೊತೆ ಕೊಡಲು ಹೇಳಲಾಗಿದೆ. ಎರಡೂ ಕಡೆಯ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ವಿದ್ಯಾರ್ಥಿ ತನ್ನ ಓರಗೆಯವರ ನಡುವೆ ಎಲ್ಲಿ ನಿಂತಿದ್ದಾಳೆ ಎಂಬುದು ತಿಳಿಯುತ್ತದೆ. ಅಂಕದ ಪರಿವರ್ತನೆಗೆ ಇದಕ್ಕಿಂತ ನ್ಯಾಯದ ದಾರಿ ಇದುವರೆಗೆ ಕಂಡಿಲ್ಲ.

ಭಾರತಕ್ಕೆ ಕ್ರೆಡಿಟ್ ಬಂದ ದಾರಿ ಯುರೋಪಿನದಲ್ಲ, ಅಮೆರಿಕದ್ದು. ಧಾರವಾಡದ ಮಟ್ಟಿಗೆ ಅದು ಕೃಷಿಯ ಹೊಲದಿಂದ ಬಂದಿತು. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ನೆರವಿತ್ತು. 1947ರಲ್ಲಿ ಹುಟ್ಟಿದ ಧಾರವಾಡದ ಕೃಷಿ ಕಾಲೇಜು ಆ ವಿಶ್ವವಿದ್ಯಾಲಯಕ್ಕೆ ಸೇರಿತು, 1986ರಲ್ಲಿ ಧಾರವಾಡವೇ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯವಾಯಿತು. ಕೃಷಿ ಪದವಿಯ ವಿಷಯಗಳ ಮುಂದೆ 2+1 ಎಂಬಂಥ ಬರಹ ಕಾಣುತ್ತದೆ. ಮೊದಲ ಅಂಕಿ ಪಾಠದ ಕ್ರೆಡಿಟ್, ಎರಡನೆಯದು ಪ್ರಾಯೋಗಿಕದ್ದು. ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ರೈತರೊಂದಿಗೆ ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೂ ಕ್ರೆಡಿಟ್ ಇದೆ. ತರಗತಿಯ ಹೊರಗಿನ ದುಡಿಮೆಯೂ ಪದವಿಯ ಭಾಗ ಎಂಬ ತತ್ವ ಈ ಸೀಮೆಯ ಹಳ್ಳಿಗಳಿಗೆ ಹೊಸದಲ್ಲ ಎನ್ನಲು ಈ ಹುಡುಗ ಹುಡುಗಿಯರೇ ಸಾಕ್ಷಿ.

ಕಲೆ, ವಾಣಿಜ್ಯ, ವಿಜ್ಞಾನದ ಕಾಲೇಜುಗಳ ಕಥೆ ಬೇರೆ. 1857ರ ಮುಂಬಯಿ ವಿಶ್ವವಿದ್ಯಾಲಯ ಲಂಡನ್ನಿನ ಮಾದರಿಯಲ್ಲಿ ಸಂಯೋಜಿತ ಕಾಲೇಜುಗಳಿಗೆ ಪರೀಕ್ಷೆ ನಡೆಸುವ ಸಂಸ್ಥೆಯಾಗಿ ಹುಟ್ಟಿತು. 1917ರ ಧಾರವಾಡದ ಕರ್ನಾಟಕ ಕಾಲೇಜು ಅದಕ್ಕೆ ಸೇರಿತ್ತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಅದೇ ಅಚ್ಚನ್ನು ಮುಂದುವರಿಸಿತು. ಅಲ್ಲಿ ಎಣಿಕೆಗೆ ಬರುತ್ತಿದ್ದದ್ದು ವರ್ಷ. ವರ್ಷ ಪಾಸು, ಇಲ್ಲವೇ ನಾಪಾಸು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವವರಿಗೆ ಮೈಗ್ರೇಷನ್ ಸರ್ಟಿಫಿಕೇಟು, ಎಲಿಜಿಬಿಲಿಟಿ ಸರ್ಟಿಫಿಕೇಟು, ಸಮಾನತೆಗಾಗಿ ಅಧ್ಯಯನ ಮಂಡಳಿಯ ಮುಂದೆ ಅರ್ಜಿ. ಮಂಡಳಿ ಪಠ್ಯಗಳನ್ನು ಸಾಲುಸಾಲಾಗಿ ಹೋಲಿಸಿ ನೋಡುತ್ತಿತ್ತು. ಸಮ ಎಂದು ತೋರಿಸುವ ಹೊರೆ ವಿದ್ಯಾರ್ಥಿಯದೇ.

2015ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯನ್ನು ದೇಶದ ವಿಶ್ವವಿದ್ಯಾಲಯಗಳ ಮುಂದಿಟ್ಟಿತು. 2021ರ ಜುಲೈ 28ರಂದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳು ಬಂದವು. ವಿದ್ಯಾರ್ಥಿ 12 ಅಂಕಿಯ ಗುರುತಿನ ಸಂಖ್ಯೆ ಪಡೆದು ಡಿಜಿಲಾಕರ್ ಮೂಲಕ ಖಾತೆ ತೆರೆಯುತ್ತಾನೆ. ಅವನ ಕ್ರೆಡಿಟ್‌ಗಳನ್ನು ಕಾಲೇಜು ಅಥವಾ ವಿಶ್ವವಿದ್ಯಾಲಯವೇ ಜಮೆ ಮಾಡಬೇಕು, ವಿದ್ಯಾರ್ಥಿ ತಾನಾಗಿ ಮಾಡುವಂತಿಲ್ಲ. ಜಮೆಯಾದ ಕ್ರೆಡಿಟ್‌ನ ಆಯುಸ್ಸು ಹೆಚ್ಚೆಂದರೆ ಏಳು ವರ್ಷ. ಒಮ್ಮೆ ಒಂದು ಪದವಿಗೆ ಬಳಸಿಕೊಂಡದ್ದು ಖಾತೆಯಿಂದ ಕಳೆದುಹೋಗುತ್ತದೆ, ಅದನ್ನೇ ಇನ್ನೊಂದಕ್ಕೆ ಬಳಸಲಾಗದು. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. 2017ರಲ್ಲಿ ಆರಂಭವಾದ ಸ್ವಯಂ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳಿಂದ ಶೇ. 40ರ ವರೆಗೆ ಪಡೆಯಲು ಅವಕಾಶವಿದೆ. ಬೇಕಾದ ವಿಷಯಕ್ಕೆ ಅಧ್ಯಾಪಕರಿಲ್ಲದ ತಾಲೂಕು ಕಾಲೇಜಿನ ವಿದ್ಯಾರ್ಥಿಗೆ ಇದು ಕಾಗದದ ಮೇಲೆ ದೊಡ್ಡ ಸೌಲಭ್ಯ. ಅದು ಕೈಗೆ ಸಿಗಬೇಕಾದರೆ ಆ ಕೋರ್ಸನ್ನು ತನ್ನ ಪಠ್ಯದ ಇಂಥ ವಿಷಯಕ್ಕೆ ಬದಲಾಗಿ ಒಪ್ಪುತ್ತೇನೆಂದು ವಿಶ್ವವಿದ್ಯಾಲಯ ಮೊದಲೇ ಹೇಳಿರಬೇಕು. ಕೋರ್ಸು ಮುಗಿಸಿ ಬಂದ ಮೇಲೆ ಕೇಳಿದರೆ ತಡವಾಗಿರುತ್ತದೆ.

2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ವರ್ಷದ ಓದನ್ನು 1200 ತಾಸು, 40 ಕ್ರೆಡಿಟ್ ಎಂದು ಗೊತ್ತುಮಾಡಿತು. ಒಂದು ಕ್ರೆಡಿಟ್‌ಗೆ 30 ತಾಸು. ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ ಆನರ್ಸ್‌ಗೆ 160. ಅಂದರೆ ಅಳತೆಗೋಲು ಸಿದ್ಧವಾಗಿದೆ.

ಕೊರತೆ ಇರುವುದು ಕಟ್ಟುಪಾಡಿನಲ್ಲಿ. ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಬಹುಪಾಲು ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಆರಂಭವಾದವು. ಹೀಗಾಗಿ ನವಲಗುಂದದಿಂದ ಸವದತ್ತಿಗೆ ಬಸ್ಸು ಹತ್ತಿದರೆ ಜಿಲ್ಲೆಯ ಜೊತೆಗೆ ವಿಶ್ವವಿದ್ಯಾಲಯವೂ ಬದಲಾಗುತ್ತದೆ. ಕುಂದಗೋಳದಲ್ಲಿ ಬಿ.ಎ. ಮೂರನೆಯ ಸೆಮಿಸ್ಟರ್ ಮುಗಿಸಿದ ಹುಡುಗಿ ಮದುವೆಯಾಗಿ ಪಕ್ಕದ ಶಿಗ್ಗಾವಿಗೆ ಹೋದಳೆಂದರೆ ಅವಳ ಪಾಲಿಗೆ ಅದು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ದಾಟುವ ಪ್ರಶ್ನೆ. ಲ್ಯೂವೆನ್‌ನವಳು ದೇಶಗಳನ್ನು ದಾಟಿ ಹೋಗುವಾಗ ಅವಳ ಕೈಯಲ್ಲಿ ಸಹಿಯಾದ ಒಪ್ಪಂದವಿರುತ್ತದೆ. ಗಂಡನ ಊರಿಗೆ ಹೊರಟವಳ ಕೈಯಲ್ಲಿ ಇರುವುದು ಅಂಕಪಟ್ಟಿಗಳು ಮತ್ತು ಟಿ.ಸಿ. ಕ್ರೆಡಿಟ್ ಬ್ಯಾಂಕು ನಿಜವಾಗಿ ಒದಗಬೇಕಾದದ್ದು ಇಂಥವಳಿಗೆ. ಜಮೆಯಾದ ಕ್ರೆಡಿಟ್ ಸರಿಯಾದುದೆಂದು ಬ್ಯಾಂಕು ಹೇಳಬಲ್ಲದು. ಅದನ್ನು ಹೊಸ ವಿಶ್ವವಿದ್ಯಾಲಯ ಯಾವ ವಿಷಯದ ಬದಲಿಗೆ ಹಿಡಿಯುತ್ತದೆ ಎಂಬುದನ್ನು ಆ ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು. ನೆರೆಯ ವಿಶ್ವವಿದ್ಯಾಲಯಗಳು ತಮ್ಮ ನಡುವೆ ವಿಷಯವಾರು ಸಮಾನತಾ ಪಟ್ಟಿಯೊಂದನ್ನು ಮೊದಲೇ ಪ್ರಕಟಿಸಿಟ್ಟರೆ ಇಂಥವರ ಓದು ನಡುವೆ ನಿಲ್ಲುವುದು ತಪ್ಪುತ್ತದೆ. ಅದಕ್ಕೆ ಹೊಸ ಕಾನೂನೂ ಬೇಡ, ಹೆಚ್ಚಿನ ಹಣವೂ ಬೇಡ.

ಪಠ್ಯಕ್ರಮ ಮೇಲಿಂದ ಮೇಲೆ ಬದಲಾದರೆ ತಾಳೆ ನೋಡುವುದು ಇನ್ನಷ್ಟು ಕಷ್ಟ. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಚೌಕಟ್ಟನ್ನು ದೇಶದಲ್ಲಿಯೇ ಮೊದಲಿಗನಾಗಿ ಜಾರಿಗೆ ತಂದಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಅದಾಗಲೇ ಸೇರಿದ್ದವರಿಗೆ ನಾಲ್ಕನೆಯ ವರ್ಷದ ಆಯ್ಕೆ ಉಳಿಯಿತು. ಯಾವ ಚೌಕಟ್ಟು ಮೇಲು ಎಂಬ ವಾದ ಏನೇ ಇರಲಿ, ಮೂರು ವರ್ಷ ಬಿಟ್ಟು ಓದು ಮುಂದುವರಿಸಲು ಬಂದ ವಿದ್ಯಾರ್ಥಿಯ ಹಳೆಯ ಕ್ರೆಡಿಟ್‌ಗೆ ಹೊಸ ಪಠ್ಯದಲ್ಲಿ ಜಾಗ ಎಲ್ಲಿ ಎಂಬುದನ್ನು ಯಾರಾದರೂ ಕೂತು ಬರೆಯಲೇಬೇಕು.

ಈ ಸೀಮೆಯ ಕಾಲೇಜುಗಳಲ್ಲಿ ಓದಿ ಯುರೋಪಿನಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವವರಿಗೆ ಮೊದಲು ಎದುರಾಗುವುದು ಇಲ್ಲಿನ ಕ್ರೆಡಿಟ್ ಅಲ್ಲಿ ಎಷ್ಟು ಎಂಬ ಪ್ರಶ್ನೆ. ವರ್ಷದ ಲೆಕ್ಕ ಹಿಡಿದರೆ ಇಲ್ಲಿನ 40 ಅಲ್ಲಿನ 60ಕ್ಕೆ ಸಮ, ಅಂದರೆ ಒಂದಕ್ಕೆ ಒಂದೂವರೆ. ತಾಸಿನ ಲೆಕ್ಕ ಹಿಡಿದರೆ ಇಲ್ಲಿನ 1200 ತಾಸು ಅಲ್ಲಿನ 40ರಿಂದ 48 ಕ್ರೆಡಿಟ್ ಮಾತ್ರ. ಒಂದೇ ಓದಿಗೆ ಎರಡು ಉತ್ತರ, ಎರಡಕ್ಕೂ ಆಧಾರವಿದೆ. ಮೂರು ವರ್ಷದ 120 ಕ್ರೆಡಿಟ್ ಮೊದಲ ಲೆಕ್ಕದಲ್ಲಿ 180 ಆಗಿ ಯುರೋಪಿನ ಪದವಿಯ ಕನಿಷ್ಠ ಮಿತಿ ಮುಟ್ಟುತ್ತದೆ, ಎರಡನೆಯ ಲೆಕ್ಕದಲ್ಲಿ 144ನ್ನು ದಾಟುವುದಿಲ್ಲ. ಲಿಸ್ಬನ್ ಒಪ್ಪಂದದಲ್ಲಿ ಭಾರತ ಪಾಲುದಾರನಲ್ಲವಾದ್ದರಿಂದ ಯಾವ ಲೆಕ್ಕ ಹಿಡಿಯಬೇಕೆಂಬುದು ಆಯಾ ವಿಶ್ವವಿದ್ಯಾಲಯದ ವಿವೇಚನೆ. ಜರ್ಮನಿಗೆ ಹೋಗುವವರು ತಮ್ಮ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕು. 2022ರ ನವೆಂಬರ್‌ನಿಂದ ಅದು ಕಡ್ಡಾಯ. ಅಂಕಪಟ್ಟಿಯಷ್ಟೇ ಮುಖ್ಯವಾದ ಇನ್ನೊಂದು ಕಾಗದವನ್ನು ಬಹಳ ವಿದ್ಯಾರ್ಥಿಗಳು ಜೋಪಾನ ಮಾಡುವುದಿಲ್ಲ: ತಾವು ಓದಿದ ವರ್ಷದ ಸಿಲಬಸ್. ವಿಷಯದ ಹೆಸರು, ಘಟಕಗಳು, ತಾಸು, ಪುಸ್ತಕಗಳ ಪಟ್ಟಿ ಇರುವ ಸಿಲಬಸ್ಸಿಗೆ ವಿಶ್ವವಿದ್ಯಾಲಯದ ಮುದ್ರೆ ಹಾಕಿಸಿ ಇಟ್ಟುಕೊಂಡವರ ಅರ್ಜಿಗೆ ಬಲ ಹೆಚ್ಚು. ಹೊರಗಿನವರು ಹೋಲಿಸಿ ನೋಡುವುದು ಅದನ್ನೇ.

2022ರ ಯುಜಿಸಿ ನಿಯಮಗಳ ನಂತರ ಭಾರತೀಯ ಮತ್ತು ವಿದೇಶಿ ವಿಶ್ವವಿದ್ಯಾಲಯಗಳು ಸೇರಿ ಜಂಟಿ ಪದವಿ ಕೊಡಬಹುದು. ಅದರಲ್ಲಿ ಎರಡೂ ಕಡೆ ಕನಿಷ್ಠ ಶೇ. 30ರಷ್ಟು ಕ್ರೆಡಿಟ್ ಗಳಿಸಿರಬೇಕು. ಈ ಅವಕಾಶ ತಾಲೂಕು ಕಾಲೇಜುಗಳಿಗೆ ಸದ್ಯ ದೂರದ್ದು.

ಕ್ರೆಡಿಟ್ ವರ್ಗಾವಣೆಯ ಕೊನೆಯ ಬಗೆ ಕಾಲೇಜಿನ ಹೊರಗೆ ಕಲಿತದ್ದಕ್ಕೆ ಸಿಗುವ ಮನ್ನಣೆ. ಫ್ರಾನ್ಸ್ 2002ರ ಕಾನೂನಿನಿಂದ ವೃತ್ತಿಯಲ್ಲಿ ಗಳಿಸಿದ ಅನುಭವವನ್ನು ಪರೀಕ್ಷಕರ ಮಂಡಳಿಯ ಮುಂದೆ ತೋರಿಸಿ ಪದವಿ ಪಡೆಯುವ ಹಕ್ಕು ಕೊಟ್ಟಿದೆ. ಭಾರತದ ಕ್ರೆಡಿಟ್ ಚೌಕಟ್ಟಿನಲ್ಲಿಯೂ ಅನುಭವಕ್ಕೆ ಜಾಗವಿದೆ. ಅನುಭವಕ್ಕೆ ನೇರವಾಗಿ ಕ್ರೆಡಿಟ್ ಬರುವುದಿಲ್ಲ, ಮೊದಲು ಅದನ್ನು ಬಲ್ಲವರು ಒರೆಗೆ ಹಚ್ಚಬೇಕು. ಕುಂದಗೋಳದ ಸಂಗೀತ ಪರಂಪರೆಯಲ್ಲಿ ಈ ಕ್ರಮ ಸಹಜವಾಗಿತ್ತು. ಗಾಯಕಿ ಗಂಗೂಬಾಯಿ ಹಾನಗಲ್ ಮೊದಲು ಕೃಷ್ಣಾಚಾರ್ಯ ಹುಲಗೂರರಲ್ಲಿ, ನಂತರ ದತ್ತೋಪಂತ ದೇಸಾಯಿಯವರಲ್ಲಿ ಕಲಿತು, ಆಮೇಲೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಗಾಯಕ ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡರು. ಹಿಂದಿನ ಗುರುವಿನಲ್ಲಿ ಕಲಿತದ್ದು ಎಷ್ಟು ನಿಂತಿದೆ ಎಂಬುದಕ್ಕೆ ಇಂಥ ಕಡೆ ದಾಖಲೆ ಬೇಕಿಲ್ಲ, ಕಂಠವೇ ಹೇಳುತ್ತದೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಅದನ್ನು ನೇಯುವವರು ಹೆಂಗಸರು, ಕಲಿತದ್ದು ಮನೆಯ ಮಗ್ಗದ ಮುಂದೆ. ಆ ಕೈಗಳು ಬಲ್ಲ ಬಣ್ಣದ ಜೋಡಣೆ, ಎಳೆಯ ಎಣಿಕೆ, ನವಿಲಿನ ಮತ್ತು ಪಗಡೆಯ ವಿನ್ಯಾಸಗಳಿಗೆ ಜವಳಿ ಅಥವಾ ವಿನ್ಯಾಸದ ಪಠ್ಯದಲ್ಲಿ ಎಷ್ಟು ಕ್ರೆಡಿಟ್ ಎಂದು ಗೊತ್ತುಮಾಡುವ ಪರೀಕ್ಷಕರು ಉತ್ತರಪತ್ರಿಕೆ ಕೇಳುವ ಬದಲು ಆ ಮಗ್ಗದ ಪಕ್ಕದಲ್ಲಿ ಕೂತು ನೋಡಬೇಕಾಗುತ್ತದೆ.